ನಿಮ್ಮ ಮನೇಲಿ ಯಾರೋ ಉಪಯೋಗಿಸ್ತಿದ್ದಾರೆ

ಕೊನೇ ಬಸ್ಸು ಡಿಪೋ ಸೇರೋದು ಹನ್ನೆರಡಕ್ಕೆ. ಗಾಡಿ ನಿಲ್ಲಿಸಿ, ಕೀ ಒಪ್ಪಿಸಿ, ಸಹಿ ಹಾಕಿ ಹೊರಗೆ ಬರೋ ಹೊತ್ತಿಗೆ ಹನ್ನೆರಡೂ ಕಾಲು. ಅಲ್ಲಿಂದ ನಮ್ಮಣ್ಣನ ಮನೆಗೆ ಇಪ್ಪತ್ತೈದು ನಿಮಿಷದ ನಡಿಗೆ. ಅಣ್ಣ ಅಂದರೆ ನಮ್ಮ ದೊಡ್ಡಪ್ಪನ ಮಗ. ಇಪ್ಪತ್ತೆರಡು ವರ್ಷದಿಂದ ಬಸ್ ಡ್ರೈವರ್. ದೆವ್ವ ಗಿವ್ವ ಅಂದರೆ ಹೊಟ್ಟೆ ಹಿಡ್ಕೊಂಡು ನಗೋ ಆಸಾಮಿ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಅವನ ಮನೆ ಹಿಂದೆ ಒಂದು ಓಣಿ. ಓಣಿಯಲ್ಲಿ ಒಂದು ಹಳೇ ಬಾವಿ. ನೀರು ಸೇದೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಬಾವಿಗೆ ಎದುರಾಗಿ ಅಣ್ಣನ ಮನೆ ಹಿಂಗೋಡೆ. ಆ ಗೋಡೆ ಮೇಲೆ ಕರೆಂಟ್ ಮೀಟರ್.

ಆವತ್ತು ವಿಪರೀತ ಚಳಿ. ಗಾಳಿಗೆ ಬಾವಿ ಜಾಲರಿ ‘ಕಿರ್ರ್… ಟಕ್… ಕಿರ್ರ್… ಟಕ್’ ಅಂತಿತ್ತು. ಅಣ್ಣ ಕೈ ಜೇಬಲ್ಲಿಟ್ಕೊಂಡು ಬರ್ತಾ ಇದ್ದ. ಅಭ್ಯಾಸದಂತೆ ಮೀಟರ್ ಕಡೆ ಕಣ್ಣು ಹೋಯ್ತು. ಮೀಟರಲ್ಲಿ ಒಂದು ಕೆಂಪು ಚುಕ್ಕಿ ದೀಪ ಇರುತ್ತಲ್ಲ, ಕರೆಂಟ್ ಓಡಿದಷ್ಟೂ ಮಿಟುಕುತ್ತೆ. ಮನೆಯವರೆಲ್ಲ ಮಲಗಿ, ಫ್ರಿಜ್ ಒಂದೇ ಓಡ್ತಾ ಇದ್ದರೆ ನಿಮಿಷಕ್ಕೆ ನಾಲ್ಕೈದು ಸಲ, ಅಷ್ಟೇ.

ಆವತ್ತು ಅದು ಸೆಕೆಂಡಿಗೊಂದು ಸಲ ಮಿಟುಕ್ತಾ ಇತ್ತು.

ಅಣ್ಣ ಮನೆ ನೋಡಿದ. ಎಲ್ಲ ಕಿಟಕಿ ಕತ್ತಲು. ಒಳಗೆ ಹೋದ. ಅಡುಗೆಮನೇಲಿ, ಮೀಟರ್ ಜೊತೆ ಕೊಟ್ಟ ಪುಟ್ಟ ಪೆಟ್ಟಿಗೆ ಇತ್ತು, ಅಂಗೈ ಅಗಲದ್ದು. ಮನೇಲಿ ಈ ಕ್ಷಣಕ್ಕೆ ಎಷ್ಟು ಕರೆಂಟ್ ಓಡ್ತಿದೆ ಅಂತ ಅದು ತೋರಿಸ್ತಾ ಇರುತ್ತೆ. ಕಡಿಮೆ ಇದ್ದರೆ ಹಸಿರು, ಜಾಸ್ತಿ ಆದರೆ ಕೆಂಪು. ಅದು ಕೆಂಪಗಿತ್ತು. ಸಾವಿರದ ಎಂಬತ್ತು ವಾಟ್.

ಅತ್ತಿಗೇನ ಎಬ್ಬಿಸಿದ. ಪಿಸುಗುಟ್ಟಿ ಕೇಳಿದ:

“ಏನು ಹಾಕಿದ್ದೀಯ?”

“ಏನೂ ಇಲ್ಲ ರೀ.”

“ಗೀಸರ್?”

“ಆರಿಸಿದ್ದೀನಿ… ಮಲಗಿ.”

ಅವನು ಮಲಗಲಿಲ್ಲ. ಪೆಟ್ಟಿಗೆ ಮುಂದೆ ನಿಂತ. ಒಂದೂ ಇಪ್ಪತ್ತಕ್ಕೆ ಅದು ‘ಬೀಪ್’ ಅಂದು ಹಸಿರಾಯ್ತು. ಎಂಬತ್ತು ವಾಟ್. ಫ್ರಿಜ್ಜಿಂದು.

ನೀವು ಆಗಲೇ ಕೇಳಿದಿರಲ್ಲ, ನಮ್ಮ ಬೀದಿಗೂ ಸ್ಮಾರ್ಟ್ ಮೀಟರ್ ಬರ್ತಿದೆಯಂತೆ, ಹಾಕಿಸ್ಕೊಳ್ಳೋಣವಾ ಬೇಡವಾ ಅಂತ… ಅದಕ್ಕೇ ಇದನ್ನ ಹೇಳ್ತಾ ಇರೋದು. ನಡುವೆ ಬಾಯಿ ಹಾಕಬೇಡಿ.

ಈ ಮೀಟರ್ ಯಾರೂ ಅಣ್ಣನ ತಲೆಗೆ ಕಟ್ಟಿದ್ದಲ್ಲ. ಅವನೇ ಅರ್ಜಿ ಕೊಟ್ಟು ಹಾಕಿಸ್ಕೊಂಡ. ಅಕ್ಕಪಕ್ಕದವರಿಗೆಲ್ಲ ಬುದ್ಧಿ ಬೇರೆ ಹೇಳಿದ. ಎಲ್ಲಿ ಪೋಲಾಗ್ತಿದೆ ಅಂತ ಕಣ್ಣಿಗೆ ಕಾಣುತ್ತೆ, ಕಂಡರೆ ತಾನೆ ಸರಿಮಾಡೋಕಾಗೋದು, ಅಂತ. ಸುಳ್ಳು ಅಂತ ನಾನು ಹೇಳಲ್ಲ. ಮೊದಲನೇ ವಾರದಲ್ಲೇ ಗೀಸರ್ ಕೆಟ್ಟಿರೋದು ಗೊತ್ತಾಯ್ತು, ನೀರು ಕಾದ ಮೇಲೂ ಅದು ನಿಲ್ತಾ ಇರಲಿಲ್ಲ. ಅದನ್ನ ರಿಪೇರಿ ಮಾಡಿಸಿದಾಗ ಅವನ ಮುಖ ನೋಡಬೇಕಿತ್ತು. ಕಳ್ಳನ್ನ ಹಿಡಿದ ಪೊಲೀಸು.

ಪೊಲೀಸು ಅಲ್ಲಿಗೇ ನಿಲ್ಲಲಿಲ್ಲ, ಅದೇ ಗ್ರಹಚಾರ. ಅತ್ತಿಗೆ ಇಸ್ತ್ರಿ ಮಾಡೋಕೆ ಕೂತರೆ ಅಡುಗೆಮನೆಯಿಂದ ಕೂಗೋನು, “ಎಷ್ಟು ಬಟ್ಟೆ ಇದೆ ಇನ್ನೂ?” ಮಿಕ್ಸಿ ಹಾಕಿದರೆ ಓಡಿ ಬಂದು ಪೆಟ್ಟಿಗೆ ನೋಡೋನು. ಅತ್ತಿಗೆ ನನ್ನ ಹತ್ತಿರ ಹೇಳ್ಕೊಂಡು ನಕ್ಕಿದ್ದಳು: “ನಿಮ್ಮಣ್ಣ ಬಸ್ಸಲ್ಲಿ ಸ್ಪೀಡ್ ಮುಳ್ಳು ನೋಡ್ತಾರೋ ಇಲ್ಲವೋ, ಮನೇಲಿ ಇದನ್ನಂತೂ ನೋಡ್ತಾನೇ ಇರ್ತಾರೆ. ನಾನು ಉಸಿರಾಡಿದರೂ ಎಷ್ಟು ವಾಟ್ ಅಂತ ಕೇಳ್ತಾರೇನೋ.”

ಆಮೇಲೆ ಅವಳೂ ನಗೋದು ಬಿಟ್ಟಳು.

ಯಾಕಂದ್ರೆ ಆ ಸಾವಿರದ ಎಂಬತ್ತು ಮಾರನೇ ರಾತ್ರಿನೂ ಬಂತು. ಅದರ ಮಾರನೇ ರಾತ್ರಿನೂ. ಹನ್ನೆರಡೂ ನಲವತ್ತಕ್ಕೆ ಶುರು, ಒಂದೂ ಇಪ್ಪತ್ತಕ್ಕೆ ನಿಲುಗಡೆ. ಗಡಿಯಾರ ಇಟ್ಟ ಹಾಗೆ. ಅಣ್ಣ ಗೀಸರ್ ಪ್ಲಗ್ ಕಿತ್ತಿಟ್ಟ. ಟೀವಿದು ಕಿತ್ತ. ಫೋನ್ ಚಾರ್ಜರ್‌ಗಳನ್ನೆಲ್ಲ ಕಿತ್ತು ಡ್ರಾಯರಿಗೆ ಹಾಕಿದ. ಒಂದು ರಾತ್ರಿ ಫ್ರಿಜ್ ಕೂಡ ನಿಲ್ಲಿಸಿಬಿಟ್ಟ. ಹಾಲು ಒಡೀತು, ಕರೆಂಟ್ ಓಡೋದು ನಿಲ್ಲಲಿಲ್ಲ.

ಕರೆಂಟ್ ಕಂಪನಿಗೆ ಫೋನ್ ಮಾಡಿದ. ನಿಮಗೆ ಗೊತ್ತಲ್ಲ ಅದು ಹೇಗಿರುತ್ತೆ. ಒಂದು ಒತ್ತಿ, ಮೂರು ಒತ್ತಿ, ಆಮೇಲೆ ಕೊಳಲಿನ ಸಂಗೀತ. ಇಪ್ಪತ್ತು ನಿಮಿಷ ಕೊಳಲು ಕೇಳಿದ ಮೇಲೆ ಒಬ್ಬ ಹುಡುಗಿ ಬಂದು, “ನಿಮ್ಮ ಸಮಸ್ಯೆ ನಮಗೆ ಅರ್ಥ ಆಗುತ್ತೆ ಸರ್” ಅಂದಳು. ಅರ್ಥ ಆಗುತ್ತೆ ಅಂದವಳು ಲೈನ್ ಕಟ್ ಮಾಡಿದಳು. ಮತ್ತೆ ಒಂದು, ಮತ್ತೆ ಮೂರು, ಮತ್ತೆ ಕೊಳಲು. ಹೀಗೆ ನಾಲ್ಕು ದಿನ. ಐದನೇ ದಿನ ಒಬ್ಬ ಬಂದು ಮೀಟರ್ ಬಿಚ್ಚಿ, ಏನೋ ತಂತಿ ಸಿಗಿಸಿ ನೋಡಿ, ಮುಚ್ಚಿ, “ಮೀಟರ್ ಪರ್ಫೆಕ್ಟಾಗಿದೆ ಸಾರ್” ಅಂದ.

“ಹಾಗಾದರೆ ರಾತ್ರಿ ಹೊತ್ತು ಇದು ಏನು ತೋರಿಸ್ತಿರೋದು?”

“ಅದು ಸುಳ್ಳು ಹೇಳಲ್ಲ ಸಾರ್. ನಿಮ್ಮ ಮನೇಲಿ ಯಾರೋ ಉಪಯೋಗಿಸ್ತಿದ್ದಾರೆ.”

ಅಷ್ಟು ಹೇಳಿ ಬೈಕ್ ಹತ್ತಿ ಹೋದ. ಆ ಒಂದು ಮಾತು ಅಣ್ಣನ ತಲೇಲಿ ಕೂತುಬಿಡ್ತು. ಯಾರೋ ಉಪಯೋಗಿಸ್ತಿದ್ದಾರೆ.

ಮನೇಲಿರೋರೇ ಮೂರು ಜನ. ಅವನು, ಅತ್ತಿಗೆ, ದೊಡ್ಡಮ್ಮ. ದೊಡ್ಡಮ್ಮ ಅಂದರೆ ಅವನ ತಾಯಿ. ಎಪ್ಪತ್ತೆಂಟು ವರ್ಷ, ಮಂಡಿ ನೋವು, ಕಾಲು ಸದಾ ಮಂಜುಗಡ್ಡೆ. ಹಿಂದಿನ ಕೋಣೇಲಿ ಮಲಗ್ತಾಳೆ, ಬಾವಿ ಕಡೆ ಗೋಡೆಗೆ. ಅವಳ ಮಂಚದ ಕಾಲ್ದೆಸೇಲಿ ಒಂದು ಹೀಟರ್ ಇತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ಹಾಕ್ಕೊಂಡು, ಆರಿಸಿ ಮಲಗೋಳು.

ಅಣ್ಣ ಹೀಟರ್ ತಿರುಗಿಸಿ ಹಿಂದಿನ ಚೀಟಿ ಓದಿದ. ಸಾವಿರ ವಾಟ್. ಸಾವಿರಕ್ಕೆ ಫ್ರಿಜ್ಜಿನ ಎಂಬತ್ತು ಸೇರಿಸಿ. ಆಯ್ತಲ್ಲ ಲೆಕ್ಕ.

“ಅಮ್ಮ, ರಾತ್ರಿ ಹೀಟರ್ ಹಾಕ್ತೀಯಾ?”

“ಇಲ್ಲ ಕಣೋ.”

“ಹಾಕಿದರೆ ಹಾಕಿದೆ ಅಂತ ಹೇಳು. ಬೇಡ ಅನ್ನಲ್ಲ. ಸುಳ್ಳು ಯಾಕೆ?”

“ನಾನು ಹಾಕಿಲ್ಲ ಕಣೋ ಮಗಾ…”

ಅಷ್ಟು ಹೇಳಿ ಅವಳು ಅವನ ಮುಖ ನೋಡಿ ಸಣ್ಣಗೆ ನಕ್ಕಳಂತೆ. ಆ ನಗೆನೇ ಅವನಿಗೆ ಬೆಂಕಿ ಹಚ್ಚಿದ್ದು. ಒಂದೆರಡು ರಾತ್ರಿ ಅವನು ಬಾಗಿಲು ಸರಿಸಿ ಇಣುಕಿಯೂ ನೋಡಿದ್ದ. ಹೀಟರ್ ಆರಿತ್ತು, ದೊಡ್ಡಮ್ಮ ನಿದ್ದೆ. ಅಡುಗೆಮನೆಗೆ ವಾಪಸ್ ಬಂದರೆ ಪೆಟ್ಟಿಗೆ ಕೆಂಪು. ನನ್ನ ಹೆಜ್ಜೆ ಸದ್ದು ಕೇಳಿ ಆರಿಸ್ತಾಳೆ, ನಾನು ಈ ಕಡೆ ಬಂದ ಮೇಲೆ ಮತ್ತೆ ಹಾಕ್ತಾಳೆ, ಪೆಟ್ಟಿಗೆ ಒಂದೆರಡು ನಿಮಿಷ ತಡವಾಗಿ ತೋರಿಸುತ್ತೆ… ಹೀಗೆಲ್ಲ ಅವನೇ ಹೊಂದಿಸ್ಕೊಂಡ. ಒಂದು ಸಲ ತಲೆ ಕೆಟ್ಟರೆ ಎಲ್ಲದಕ್ಕೂ ಕಾರಣ ಸಿಗುತ್ತೆ ನೋಡಿ.

ಆ ಭಾನುವಾರ ಕತ್ತರಿ ತಗೊಂಡು ಹೋಗಿ ಹೀಟರ್ ವೈರಿನ ತುದೀಲಿದ್ದ ಪ್ಲಗ್ ಕತ್ತರಿಸಿದ. ಅದನ್ನ ತನ್ನ ಡ್ಯೂಟಿ ಬ್ಯಾಗಿಗೆ ಹಾಕ್ಕೊಂಡ. ದೊಡ್ಡಮ್ಮ ಮಂಚದ ಮೇಲೆ ಕೂತು ನೋಡ್ತಾ ಇದ್ದಳು. ಅತ್ತಿಗೆ ಮಾತ್ರ ಬಾಗಿಲ ಹತ್ತಿರ ನಿಂತು, “ಹೆತ್ತವಳ ಹತ್ತಿರ ಹೀಗೆಲ್ಲ ಮಾಡಬಾರದು ರೀ” ಅಂದಳು. ಅವನು, “ನೀನು ಸುಮ್ಮನಿರು. ಇವತ್ತು ರಾತ್ರಿ ನೋಡು” ಅಂದ.

ಆ ರಾತ್ರಿ ಹನ್ನೆರಡೂ ನಲವತ್ತಾಯ್ತು. ಒಂದಾಯ್ತು. ಪೆಟ್ಟಿಗೆ ಹಸಿರಾಗೇ ಇತ್ತು.

ಹನ್ನೊಂದು ರಾತ್ರಿ ಹಸಿರಾಗೇ ಇತ್ತು.

ಅಣ್ಣ ಗೆದ್ದ. ನನಗೂ ಫೋನ್ ಮಾಡಿ ಹೇಳಿದ. “ಮೆಷಿನ್ ಸುಳ್ಳು ಹೇಳಲ್ಲ ಪುಟ್ಟಿ, ಮನುಷ್ಯರು ಹೇಳ್ತಾರೆ” ಅಂದ. ನನಗೆ ಕೇಳೋಕೆ ಕಸಿವಿಸಿ ಆಯ್ತು. ಆದರೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಹನ್ನೆರಡನೇ ದಿನ ಬೆಳಗ್ಗೆ ದೊಡ್ಡಮ್ಮ ಎದ್ದೇಳಲಿಲ್ಲ. ಮೈ ಕೆಂಡ, ಉಸಿರಿಗೆ ಎದೇಲಿ ‘ಗೊರ್… ಗೊರ್’ ಸದ್ದು. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಮೊದಲು ಕೇಳಿದ್ದೇ, “ಇವರು ಮಲಗೋ ಕೋಣೆ ಬೆಚ್ಚಗಿರುತ್ತಾ?” ಅಂತ. ಅಣ್ಣ ನೆಲ ನೋಡಿದ.

ಅತ್ತಿಗೆ ಆಸ್ಪತ್ರೇಲಿ ಉಳ್ಕೊಂಡಳು. ಅಣ್ಣನಿಗೆ ರಜೆ ಸಿಗಲಿಲ್ಲ, ಡ್ರೈವರುಗಳು ಕಡಿಮೆ. ಮನೇಲಿ ಬೆಳಗ್ಗೆ ಎದ್ದು ಗಂಜಿ ಮಾಡಿ ಆಸ್ಪತ್ರೆಗೆ ಒಯ್ಯೋಕೆ ಯಾರಾದರೂ ಬೇಕಲ್ಲ, ಅದಕ್ಕೆ ನಾನು ಹೋದೆ. ಇಲ್ಲಿಂದ ಮುಂದೆ ಯಾರೋ ಹೇಳಿದ್ದಲ್ಲ… ನನ್ನ ಕಿವಿ, ನನ್ನ ಕಣ್ಣು.

ಹಾಲಲ್ಲಿ ಹಾಸಿಗೆ ಹಾಕ್ಕೊಂಡು ಮಲಗಿದ್ದೆ. ಹೊಸ ಜಾಗ, ನಿದ್ದೆ ಬಂದಿರಲಿಲ್ಲ. ಹೊರಗೆ ಬಾವಿ ಜಾಲರಿ ಬಡ್ಕೊಳ್ತಾ ಇತ್ತು. ಹಿಂದಿನ ಕಡೆಯಿಂದ ಹೆಜ್ಜೆ ಸದ್ದು ಕೇಳಿಸ್ತು. ಬೂಟಿನ ಸದ್ದು. ಒಂದು ಬೂಟು ಸರಿಯಾಗಿ ‘ಟಪ್’ ಅಂತ, ಇನ್ನೊಂದು ‘ಕಿಂಯ್’ ಅಂತ. ಟಪ್… ಕಿಂಯ್… ಟಪ್… ಕಿಂಯ್… ಹಾಲ್ ದಾಟಿ ಪಡಸಾಲೇಲಿ ಹೋಯ್ತು. ಅಣ್ಣ ಬಂದ ಅಂದ್ಕೊಂಡೆ. ದೊಡ್ಡಮ್ಮನ ಕೋಣೆ ಬಾಗಿಲು ನಿಧಾನಕ್ಕೆ ಸರೀತು. ಒಳಗೆ ‘ಚಿಟ್’ ಅಂತ ಸ್ವಿಚ್ ಸದ್ದು.

ಪಾಪ, ಅಮ್ಮನ ಮಂಚ ನೋಡೋಕೆ ಹೋಗಿದ್ದಾನೆ, ಮನಸ್ಸು ಚುಚ್ಚುತ್ತಿರಬೇಕು ಅನ್ನಿಸ್ತು. ಮಾತಾಡಿಸೋದು ಬೇಡ ಅಂತ ಮಗ್ಗುಲಾದೆ.

ಐದು ನಿಮಿಷ ಆಗಿರಬಹುದು. ಹಿಂಬಾಗಿಲ ಬೀಗಕ್ಕೆ ಕೀ ಹಾಕೋ ಸದ್ದು. ಬಾಗಿಲು ತೆಗೀತು. ತಣ್ಣಗಿನ ಗಾಳಿ ಬಂತು. ಅಣ್ಣ ಒಳಗೆ ಬಂದ… ಬ್ಯಾಗ್ ಹೆಗಲಲ್ಲಿ, ಮಫ್ಲರ್ ಕತ್ತಲ್ಲಿ.

ನಾನು ಎದ್ದು ಕೂತೆ.

“ನೀನು… ಈಗ ಬಂದೆಯಾ?”

“ಹೂಂ. ಯಾಕೆ, ನಿದ್ದೆ ಬಂದಿಲ್ಲವಾ?”

ನಾನು ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅಡುಗೆಮನೇಲಿ ‘ಬೀಪ್’ ಅಂತು.

ಅಣ್ಣ ಅಲ್ಲಿಗೆ ಹೋಗಿ ನಿಂತ. ನಾನೂ ಹೋದೆ. ಪೆಟ್ಟಿಗೆ ಕೆಂಪು. ಸಾವಿರದ ಎಂಬತ್ತು. ಆ ಕೆಂಪು ಬೆಳಕಲ್ಲಿ ಅವನ ಮುಖ ನೋಡಿದೆ. ಭಯ ಅಲ್ಲ ಅದು. ಕಪಾಳಕ್ಕೆ ಹೊಡೆಸ್ಕೊಂಡವನ ಮುಖ.

“ಅವಳು ಆಸ್ಪತ್ರೇಲಿದ್ದಾಳೆ…” ಅಂದ. “ಪ್ಲಗ್ ನನ್ನ ಬ್ಯಾಗಲ್ಲಿದೆ.”

ಬ್ಯಾಗಿಗೆ ಕೈ ಹಾಕಿ ಅದನ್ನ ತೆಗೆದು ಅಡುಗೆಕಟ್ಟೆ ಮೇಲಿಟ್ಟ. ಎರಡಿಂಚು ವೈರ್ ಸಮೇತ. ಆಮೇಲೆ ಸಿಟ್ಟು ಬಂತು ಅವನಿಗೆ. ಎಲ್ಲ ಸೇರಿ ಒಂದೇ ಸಲ ಬಂತು. ನಾಲ್ಕು ದಿನದ ಕೊಳಲು, ಆ ಬೈಕಿನವನು, ತಾನೇ ಆಡಿದ ಮಾತುಗಳು. ದಡದಡ ಹೋಗಿ ಮೇನ್ ಸ್ವಿಚ್ ಕೆಳಕ್ಕೆ ಎಳೆದ. ‘ಖಟಾರ್.’

ಮನೆ ಪೂರ್ತಿ ಕತ್ತಲಾಯ್ತು. ಫ್ರಿಜ್ ‘ಗುರ್ರ್’ ಅಂತಿದ್ದದ್ದು ‘ಡುಗ್’ ಅಂದು ನಿಂತಿತು. ಆ ಮೌನ ಹೇಗಿತ್ತಂದ್ರೆ… ನನ್ನ ಕಿವಿ ಒಳಗಿನ ರಕ್ತದ ಸದ್ದು ನನಗೇ ಕೇಳಿಸ್ತಿತ್ತು.

ಪೆಟ್ಟಿಗೆ ಬ್ಯಾಟರಿ ಮೇಲೂ ನಡೆಯುತ್ತೆ. ಅದು ಆರಲಿಲ್ಲ. ನೋಡ್ತಾ ನಿಂತೆವು. ಒಂದು ನಿಮಿಷ… ಎರಡು ನಿಮಿಷ… ಅಂಕಿ ಬದಲಾಯ್ತು.

ಸಾವಿರ.

ಫ್ರಿಜ್ಜಿನ ಎಂಬತ್ತು ಹೋಗಿತ್ತು. ಸಾವಿರ ಉಳಿದಿತ್ತು.

ಅಣ್ಣ ಹಿಂಬಾಗಿಲು ತೆಗೆದು ಮೀಟರ್ ನೋಡಿದ. ಮೇನ್ ಆರಿಸಿದರೆ ಮನೆಯೊಳಗೆ ಒಂದು ಹನಿ ಕರೆಂಟ್ ಬರಬಾರದು, ಚುಕ್ಕಿ ದೀಪ ನಿಂತಿರಬೇಕು. ಸೆಕೆಂಡಿಗೊಂದು ಸಲ ಮಿಟುಕ್ತಾನೇ ಇತ್ತು.

ಅದೇ ಹೊತ್ತಿಗೆ ಒಳಗಿಂದ ಸದ್ದು ಬಂತು. ‘ಟಿಣ್…’ ಸ್ವಲ್ಪ ಬಿಟ್ಟು ‘ಟಿಣ್… ಟಣ್…’ ಹೀಟರ್ ಕಾಯೋವಾಗ ತಗಡು ಹಿಗ್ಗುತ್ತಲ್ಲ, ಆ ಸದ್ದು. ಅದಾದ ಮೇಲೆ ಅಂಗೈಗೆ ಅಂಗೈ ಉಜ್ಜೋ ಸದ್ದು. ಸರ್… ಸರ್… ಸರ್…

“ಅಣ್ಣ, ಬೇಡ” ಅಂದೆ.

ಅವನು ಟಾರ್ಚ್ ಹಿಡ್ಕೊಂಡು ಹೋಗೇಬಿಟ್ಟ. ನಾನು ಅವನ ಸ್ವೆಟರ್ ಹಿಡ್ಕೊಂಡು ಹಿಂದೆ. ಬಾಗಿಲು ತಳ್ಳಿದ.

ಯಾರೂ ಇರಲಿಲ್ಲ. ಮಂಚ ಖಾಲಿ. ಕಾಲ್ದೆಸೇಲಿ ಹೀಟರ್, ಆರಿದ್ದೇ. ಕತ್ತರಿಸಿದ ವೈರು ಅದರ ಸುತ್ತ ಸುತ್ತಿಟ್ಟ ಹಾಗೇ ಇತ್ತು. ಆದರೆ ಕೋಣೆ… ಬೆಚ್ಚಗಿತ್ತು. ಹೀಟರ್ ಮೇಲಿನ ಧೂಳು ಸುಟ್ಟಾಗ ಬರುತ್ತಲ್ಲ, ಆ ವಾಸನೆ. ಅಣ್ಣ ಬಗ್ಗಿ ತಗಡು ಮುಟ್ಟಿದ. ಮುಟ್ಟಿದವನು ‘ಸ್ಸ್’ ಅಂತ ಕೈ ಹಿಂದಕ್ಕೆಳ್ಕೊಂಡ. ಎರಡು ಬೆರಳಿಗೆ ಬೊಬ್ಬೆ ಬಂತು. ಬೆಳಗ್ಗೆ ನಾನೇ ಮುಲಾಮು ಹಚ್ಚಿದೆ.

ಆ ರಾತ್ರಿ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆವು, ಕಂಬಳಿ ಹೊದ್ದು, ಬೆಳಕಾಗೋವರೆಗೆ. ಅವನು ಒಂದೇ ಮಾತು ಆಡಿದ್ದು. “ನಾನು ಅವಳನ್ನ ಸುಳ್ಳಿ ಅಂದೆ ಪುಟ್ಟಿ.”

ಬೆಳಗ್ಗೆ ಆಸ್ಪತ್ರೆಗೆ ಹೋದೆವು. ದೊಡ್ಡಮ್ಮನಿಗೆ ಜ್ವರ ಇಳಿದಿತ್ತು. ಅಣ್ಣ ಮಂಚದ ಅಂಚಲ್ಲಿ ಕೂತು ಅವಳ ಕಾಲು ಹಿಡ್ಕೊಂಡ. “ತಪ್ಪಾಯ್ತಮ್ಮ. ನೀನು ಹೀಟರ್ ಹಾಕ್ತಿರಲಿಲ್ಲ. ನನಗೆ ಗೊತ್ತಾಯ್ತು” ಅಂದ.

ದೊಡ್ಡಮ್ಮ ಅವನನ್ನೇ ನೋಡಿದಳು.

“ನಾನೆಲ್ಲಿ ಹಾಕ್ತಿದ್ದೆ? ನೀನೇ ತಾನೆ ಹಾಕ್ತಿದ್ದಿದ್ದು?”

“ನಾನಾ?”

“ಮತ್ತಿನ್ಯಾರು? ಡ್ಯೂಟಿ ಮುಗಿಸಿ ಬರ್ತಿದ್ದೆ. ಬೂಟು ಕಿಂಯ್ ಅನ್ನೋದು. ದೀಪ ಹಾಕ್ತಿರಲಿಲ್ಲ. ಚಿಟ್ ಅಂತ ಹೀಟರ್ ಹಾಕಿ, ಕಾಲ್ದೆಸೇಲಿ ಕೂತು, ಸ್ವಲ್ಪ ಹೊತ್ತು ನನ್ನ ಕಾಲು ಹಿಡ್ಕೊಂಡಿದ್ದು ಹೋಗ್ತಿದ್ದೆ. ಹಗಲೆಲ್ಲ ಕರೆಂಟ್ ಕರೆಂಟ್ ಅಂತ ಕೂಗಾಡೋದು, ರಾತ್ರಿ ಬಂದು ಬಿಸಿ ಮಾಡೋದು. ಸೊಸೆ ಎದುರಿಗೆ ಒಪ್ಪಿಕೊಳ್ಳೋಕೆ ನಾಚಿಕೆ ಇವನಿಗೆ ಅಂತ ನಾನೂ ಸುಮ್ಮನಿದ್ದೆ. ಅದಕ್ಕೇ ನಕ್ಕಿದ್ದು ಆವತ್ತು.”

ಅಣ್ಣ ಅವಳ ಕಾಲಿಂದ ಕೈ ತೆಗೆದ. ಆ ನಲವತ್ತು ನಿಮಿಷವೂ ಅವನು ಅಡುಗೆಮನೇಲಿ ಪೆಟ್ಟಿಗೆ ಮುಂದೆ ನಿಂತಿರ್ತಿದ್ದ. ಪ್ರತಿ ರಾತ್ರಿ.

ನಾನೇ ಕೇಳಿದೆ. “ಪ್ಲಗ್ ಕತ್ತರಿಸಿದ ಮೇಲೆ, ದೊಡ್ಡಮ್ಮ?”

“ಆಮೇಲೂ ಬರ್ತಿದ್ದ. ಕತ್ತಲಲ್ಲಿ ಗೋಡೆ ತಡವೋನು. ಚಿಟ್… ಚಿಟ್… ಚಿಟ್… ಎಷ್ಟು ಒತ್ತಿದರೂ ಅದು ಹತ್ತುತ್ತಿರಲಿಲ್ಲ. ತಾನೇ ಕತ್ತರಿಸಿದ್ದು ಮರೆತನೇನೋ ಅಂದ್ಕೊಂಡೆ. ಆಮೇಲೆ ಸುಮ್ಮನೆ ಬಂದು ಕಾಲು ಹಿಡ್ಕೊಂಡು ಕೂರೋನು.” ಅವಳು ಹೊದಿಕೆ ಮೇಲೆಳ್ಕೊಂಡಳು. “ನಿನ್ನ ಕೈ ಎಷ್ಟು ತಣ್ಣಗಿರ್ತಿತ್ತು ಮಗಾ… ಮೂಳೆವರೆಗೆ ಇಳಿಯೋದು. ಬೇಡ ಬಿಡು ಅನ್ನಬೇಕು ಅನ್ನಿಸೋದು. ನೀನು ಬೇಜಾರು ಮಾಡ್ಕೋತೀಯ ಅಂತ ತಡ್ಕೊಂಡೆ.”

ಅತ್ತಿಗೆ ಕೈಲಿದ್ದ ಗಂಜಿ ಲೋಟ ಕೆಳಗಿಟ್ಟಳು.

ಯಾರೂ ದೊಡ್ಡಮ್ಮನಿಗೆ ನಿಜ ಹೇಳಲಿಲ್ಲ. ಹೇಳಿ ಏನು ಮಾಡೋದು? ಅಣ್ಣ ಮಾತ್ರ ಅವತ್ತೇ ಡಿಪೋಗೆ ಹೋಗಿ, ಮ್ಯಾನೇಜರ್ ಹತ್ತಿರ ಜಗಳ ಆಡಿ, ಬೆಳಗಿನ ಪಾಳಿಗೆ ಬದಲಾಯಿಸ್ಕೊಂಡ. ಅಲ್ಲಿಂದ ಕಂಪನಿ ಆಫೀಸಿಗೆ ಹೋಗಿ, ಈ ಮೀಟರ್ ಬಿಚ್ಚಿ ಹಳೇದನ್ನೇ ಹಾಕಿ ಅಂತ ಕೇಳಿದ. ಹಳೇದು ಈಗ ಬರಲ್ಲ, ಒಂದು ಸಲ ಹಾಕಿದ ಮೇಲೆ ತೆಗೆಯೋಕಾಗಲ್ಲ ಅಂದರಂತೆ. ದೂರು ಇದ್ದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟರು. ಅದೇ ಕೊಳಲಿನ ನಂಬರ್. ಮನೆಗೆ ಬಂದು ಪೆಟ್ಟಿಗೆಯ ಬ್ಯಾಟರಿ ಕಿತ್ತು ಅಟ್ಟಕ್ಕೆ ಹಾಕಿದ. ಈಗಲೂ ಅಲ್ಲೇ ಇದೆ. ಆ ಪೆಟ್ಟಿಗೆ ಅಂಕಿ ತಪ್ಪು ಹೇಳ್ತು ಅಂತ ನಾನು ಯಾವತ್ತೂ ಹೇಳಿಲ್ಲ ನೋಡಿ. ಎಷ್ಟು ಅಂತ ಅದು ಸರಿಯಾಗೇ ಹೇಳ್ತು. ಯಾರು ಅಂತ ಅದಕ್ಕೆ ಗೊತ್ತಿರಲಿಲ್ಲ. ಉಳಿದದ್ದು ನಾವೇ ತುಂಬಿಸ್ಕೊಂಡೆವು.

ದೊಡ್ಡಮ್ಮನನ್ನ ಮನೆಗೆ ಕರ್ಕೊಂಡು ಬರೋ ಹಿಂದಿನ ದಿನ ಅಣ್ಣ ಎಲೆಕ್ಟ್ರಿಷಿಯನ್‌ನ ಕರೆಸಿದ. ಹೀಟರಿಗೆ ಹೊಸ ಪ್ಲಗ್ ಹಾಕಬೇಕು, ಸ್ವಿಚ್ಚು ಮಂಚದಿಂದಲೇ ಅವಳ ಕೈಗೆ ಸಿಗೋ ಹಾಗೆ ಬೋರ್ಡ್ ಪಕ್ಕಕ್ಕೆ ತರಬೇಕು ಅಂತ. ಮಧ್ಯಾಹ್ನ ಹನ್ನೆರಡು ಗಂಟೆ, ಒಳ್ಳೇ ಬಿಸಿಲು. ಬೋರ್ಡ್ ಇರೋದು ಬೀರುವಿನ ಹಿಂದಿನ ಮೂಲೇಲಿ, ಅಲ್ಲಿ ಕತ್ತಲೆ ಅಂತ ನಾನು ಟಾರ್ಚ್ ಹಿಡಿದಿದ್ದೆ. ಅವನು ನಾಲ್ಕು ಸ್ಕ್ರೂ ಬಿಚ್ಚಿದ. ಬೋರ್ಡ್ ಮುಂದಕ್ಕೆ ಎಳೆದ. ಒಳಗೆ ನೋಡಿದ. ಮತ್ತೆ ನೋಡಿದ.

“ಈ ಪಾಯಿಂಟ್ ಉಪಯೋಗಿಸ್ತಿದ್ರಾ ಸಾರ್?”

“ಮೂರು ವರ್ಷದಿಂದ. ದಿನಾ ಸಂಜೆ ಎರಡು ಗಂಟೆ ಹೊತ್ತು ಹೀಟರ್ ಉರಿಯುತ್ತೆ ಇದರಲ್ಲಿ.”

ಎಲೆಕ್ಟ್ರಿಷಿಯನ್ ನನ್ನ ಕೈ ಹಿಡಿದು ಟಾರ್ಚ್ ಒಳಕ್ಕೆ ತಿರುಗಿಸಿದ.

ಸ್ವಿಚ್ಚಿನ ಹಿಂದೆ ವೈರೇ ಇರಲಿಲ್ಲ. ಗೋಡೆಯೊಳಗಿಂದ ಬಂದ ಎರಡು ವೈರನ್ನ ಯಾರೋ ಯಾವ ಕಾಲದಲ್ಲೋ ಕತ್ತರಿಸಿ, ತುದಿಗೆ ಕಪ್ಪು ಬಟ್ಟೆ ಟೇಪು ಸುತ್ತಿ, ಹಿಂದಕ್ಕೆ ಮಡಚಿಟ್ಟಿದ್ದರು. ಟೇಪು ಒಣಗಿ ಗಟ್ಟಿಯಾಗಿ, ಮೇಲೆ ಜೇಡರ ಬಲೆ ಕಟ್ಟಿತ್ತು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಉಗುರಲ್ಲಿ ಆ ಟೇಪು ಕೆರೆದು ನೋಡಿದ್ದೀನಿ. ಚೂರು ಚೂರಾಗಿ ನನ್ನ ಕೈ ಮೇಲೆ ಉದುರಿತು.